ಪಲ್ಯದ ಬುಟ್ಟಿಗೆ ಕೈ ಹಾಕುವ ಮುನ್ನ

ತಿಂಗಳ ಕೊನೆಗೆ ದುಡ್ಡು ಸಾಲದೆ ಹೋದಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ತರಕಾರಿ, ಹಣ್ಣು, ಹಾಲು, ಮೊಟ್ಟೆಯ ಮೇಲೆ. ಆ ಖರ್ಚು ದಿನವೂ ಕೈಯಾರೆ ಹೋಗುತ್ತದೆ, ಆದ್ದರಿಂದ ಕಣ್ಣಿಗೆ ಕುತ್ತುತ್ತದೆ. ಒಮ್ಮೆ ಒಪ್ಪಿಕೊಂಡ ಮೇಲೆ ಮತ್ತೆ ಯಾರೂ ತಿರುಗಿ ನೋಡದ ಖರ್ಚುಗಳು ಬೇರೆಯೇ ಇವೆ: ಫೋನಿನ ರೀಚಾರ್ಜು, ಬ್ಯಾಂಕು ತಾನಾಗಿ ಮುರಿದುಕೊಳ್ಳುವ ಶುಲ್ಕ, ಹಳೆಯ ಸಾಲದ ಬಡ್ಡಿ. ಇವನ್ನು ಸರಿಪಡಿಸಲು ಒಂದು ಸಲದ ಓಡಾಟ ಸಾಕು, ಉಳಿತಾಯ ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಹೀಗಾಗಿ ಹುಡುಕಾಟ ಶುರುವಾಗಬೇಕಾದದ್ದು ಪಾಸ್‌ಬುಕ್ಕಿನಿಂದ.

ಒಂದು ವರ್ಷದ ಪಾಸ್‌ಬುಕ್ ಮುದ್ರಿಸಿಕೊಂಡು ಸಣ್ಣ ಮೊತ್ತಗಳನ್ನಷ್ಟೇ ಗುರುತು ಹಾಕುತ್ತ ಹೋದರೆ ಎಸ್‌ಎಂಎಸ್ ಶುಲ್ಕ, ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಕನಿಷ್ಠ ಬ್ಯಾಲೆನ್ಸ್ ಇಲ್ಲದ್ದಕ್ಕೆ ದಂಡ ಇವೆಲ್ಲ ಸಾಲಾಗಿ ಕಾಣುತ್ತವೆ. ಬಳಸದ ಖಾತೆಯನ್ನು ಮುಚ್ಚುವುದು ಒಂದು ದಾರಿ. ಕನಿಷ್ಠ ಬ್ಯಾಲೆನ್ಸಿನ ಕಟ್ಟುಪಾಡೇ ಇಲ್ಲದ ‘ಮೂಲ ಉಳಿತಾಯ ಖಾತೆ’ಯನ್ನು ಎಲ್ಲ ಬ್ಯಾಂಕುಗಳೂ ಕೊಡಲೇಬೇಕು, ಕೇಳಿ ಪಡೆಯುವವರು ಕಡಿಮೆ. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿ ಸಾಮಾನ್ಯ ಉಳಿತಾಯ ಖಾತೆಗಳಿಗೂ ಈ ದಂಡವನ್ನು ಕೈಬಿಟ್ಟವು.

ಅದೇ ಪಾಸ್‌ಬುಕ್ಕಿನಲ್ಲಿ ನೋಡಬೇಕಾದ ಇನ್ನೊಂದು ಸಾಲು ಮೇ ತಿಂಗಳ ಕೊನೆಯದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ ಆಗ ಕಡಿತವಾಗುತ್ತದೆ. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಒಬ್ಬರು ಒಂದೇ ಖಾತೆಯ ಮೂಲಕ ಸೇರಬಹುದು. ಎರಡು ಬ್ಯಾಂಕುಗಳಲ್ಲಿ ಹಣ ಕಡಿತವಾಗುತ್ತಿದ್ದರೂ ಒಂದು ಯೋಜನೆಯ ಪರಿಹಾರ 2 ಲಕ್ಷ ರೂಪಾಯಿ ಮೀರುವುದಿಲ್ಲ, ಎರಡನೆಯ ಕಂತು ಹೊಳೆಯಲ್ಲಿ ತೊಳೆದ ಹುಣಸೆಹಣ್ಣು. ಯುಪಿಐ ಆ್ಯಪಿನ ‘ಆಟೋಪೇ’ ವಿಭಾಗವನ್ನೂ ತೆರೆದು ನೋಡಬೇಕು. ಒಂದು ಸಿನಿಮಾಕ್ಕೆಂದು ಹಿಂದೆಂದೋ ಸೇರಿದ ಓಟಿಟಿ ಚಂದಾ ಅಲ್ಲಿ ಇನ್ನೂ ಜೀವಂತವಾಗಿರುವುದು ಅಪರೂಪವಲ್ಲ. ರದ್ದು ಮಾಡುವ ಗುಂಡಿಯೂ ಅಲ್ಲೇ ಇರುತ್ತದೆ.

ಫೋನಿನ ವಿಷಯದಲ್ಲಿ ‘ತಿಂಗಳ ಪ್ಯಾಕ್’ ಎಂದು ಕರೆಸಿಕೊಳ್ಳುವುದರ ಅವಧಿ ಹೆಚ್ಚಾಗಿ 28 ದಿನ. ಆ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನಾದರೂ ಇಡಬೇಕೆಂದು ನಿಯಮ ಮಾಡಿತು. 2024ರ ಡಿಸೆಂಬರ್‌ನಲ್ಲಿ ಇನ್ನೂ ಉಪಯುಕ್ತವಾದ ಆದೇಶ ಬಂತು: ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕುಗಳನ್ನೂ ಕೊಡಬೇಕು. ಬಟನ್ ಫೋನಿನಲ್ಲಿ ಮಾತಾಡುವ ಅಜ್ಜ ಅಜ್ಜಿಯರಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಹಾಕಿಸುವ ಅಗತ್ಯ ಈಗ ಇಲ್ಲ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ಕೇಳಬೇಕು. ಟೀವಿಯಲ್ಲಿ ಚಂದನ, ಸುದ್ದಿ, ಹಳೆಯ ಚಿತ್ರಗಳಷ್ಟೇ ಸಾಕೆನ್ನುವ ಮನೆಗೆ ಡಿಡಿ ಫ್ರೀ ಡಿಶ್ ಇದೆ. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ.

ಕರ್ನಾಟಕದಲ್ಲಿ ಕರೆಂಟಿನ ಲೆಕ್ಕಕ್ಕೆ ಒಂದು ವಿಶೇಷವಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂಬ ಭಾವನೆ ವ್ಯಾಪಕವಾಗಿದೆ, ಅದು ಸರಿಯಲ್ಲ. 2022-23ರಲ್ಲಿ ಆ ಮನೆ ಬಳಸಿದ ಸರಾಸರಿಗೆ ಶೇ. 10 ಸೇರಿಸಿ ಮಿತಿ ಗೊತ್ತು ಮಾಡುವುದು ಯೋಜನೆಯ ಮೂಲ ಸೂತ್ರ. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ದೊಡ್ಡ ಮಿತಿಯಿರುವ ಮನೆಯಲ್ಲಿ 199 ಮತ್ತು 201 ಯೂನಿಟ್‌ಗಳ ನಡುವಿನ ಅಂತರ ಸಾವಿರ ರೂಪಾಯಿಗೂ ಹೆಚ್ಚು. ಅಂಚಿನಲ್ಲಿರುವ ಇಂಥ ಮನೆಗಳಿಗೆ ಹತ್ತು ಹದಿನೈದು ಯೂನಿಟ್ಟಿನ ಉಳಿತಾಯ ಬಹಳ ದೊಡ್ಡದು. ಬಾಡಿಗೆ ಮನೆಯವರಿಗೂ ಯೋಜನೆ ಅನ್ವಯಿಸುತ್ತದೆ.

ಆ ಹತ್ತು ಹದಿನೈದು ಯೂನಿಟ್ ಎಲ್ಲಿಂದ? ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಫ್ಯಾನ್ ಸುಮಾರು 30 ವ್ಯಾಟ್ ಎಳೆಯುತ್ತದೆ. ದಿನಕ್ಕೆ 12 ಗಂಟೆ ತಿರುಗುವ ಒಂದೇ ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ರಿಮೋಟಿನಿಂದ ಮಾತ್ರ ಆರಿಸುವ ಸೆಟ್‌ಟಾಪ್ ಬಾಕ್ಸು ಹತ್ತು ವ್ಯಾಟ್ ಎಳೆಯುತ್ತಲೇ ಇದ್ದರೆ ತಿಂಗಳಿಗೆ 7 ಯೂನಿಟ್. ಎಲ್ಲಕ್ಕಿಂತ ಹೊಟ್ಟೆಬಾಕ ಗೀಸರು: 2000 ವ್ಯಾಟಿನದು ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಮನೆಮಂದಿ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಮತ್ತೆ ಮತ್ತೆ ಕಾಯಿಸುವ ಕೆಲಸ ತಪ್ಪುತ್ತದೆ. ತೆಂಗಿನ ಗರಿ, ಅಡಿಕೆ ಸಿಪ್ಪೆ ಸಿಗುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಚ್ಚಲ ಒಲೆ ಇನ್ನೂ ಉಳಿದಿರುವುದು ಬರೀ ಹಳೆಯ ಅಭ್ಯಾಸದಿಂದಲ್ಲ.

ಗ್ಯಾಸಿನಲ್ಲಿ ಕುಕ್ಕರ್ ಬಳಸುವುದು, ಕಾಳು ನೆನೆಹಾಕುವುದು, ಸೀಟಿ ಬಂದ ಮೇಲೆ ಉರಿ ತಗ್ಗಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ಬಿಡುವುದು ಎರಡು. ಮನೆ ಬಾಗಿಲಿಗೆ ತಲುಪಿಸುವ ಖರ್ಚು ಬಿಲ್ಲಿನ ಬೆಲೆಯಲ್ಲೇ ಸೇರಿದೆ, ಮೇಲೆ ಕೊಡುವುದು ಖುಷಿಯ ಮಾತು, ಕಡ್ಡಾಯವಲ್ಲ. ಇನ್ನು ತೂಕ: ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ನಮೂದಾಗಿರುತ್ತದೆ, ಅದಕ್ಕೆ 14.2 ಕೆ.ಜಿ. ಕೂಡಿಸಿದಷ್ಟು ಬರಬೇಕು. ತೂಗಿ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ದಿನಸಿಯಲ್ಲಿ ಮೋಸವಿಲ್ಲದೆಯೂ ಹಣ ಜಾರುತ್ತದೆ. ಹಿಂದೆ ಬಿಸ್ಕತ್ತು, ಚಹಾಪುಡಿ, ಎಣ್ಣೆಯಂಥ ಹಲವು ವಸ್ತುಗಳನ್ನು ಸರ್ಕಾರ ಗೊತ್ತು ಮಾಡಿದ ತೂಕಗಳಲ್ಲೇ ಪ್ಯಾಕ್ ಮಾಡಬೇಕಿತ್ತು. 2021ರ ತಿದ್ದುಪಡಿ ಆ ಕಟ್ಟನ್ನು ತೆಗೆಯಿತು. ಬೆಲೆ ಅಷ್ಟೇ ಇಟ್ಟು ಪ್ಯಾಕೆಟ್ಟನ್ನು ತೆಳ್ಳಗೆ ಮಾಡುವುದು ಇದರಿಂದ ಸಲೀಸಾಯಿತು. ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ. ಲೀಟರಿನದ್ದೆಂದೇ ಕೈಗೆತ್ತಿಕೊಳ್ಳುವ ಪ್ಯಾಕೆಟ್ಟುಗಳಲ್ಲಿ 850, 800, 750 ಗ್ರಾಂನವೂ ಇರುತ್ತವೆ. ಇಪ್ಪತ್ತು ರೂಪಾಯಿ ಅಗ್ಗ ಎನಿಸಿದ್ದು ನಿಜಕ್ಕೂ ತುಟ್ಟಿಯಾಗಿರಬಹುದು.

ಅದೇ ತಿದ್ದುಪಡಿಯೇ ಇದಕ್ಕೆ ಮದ್ದನ್ನೂ ಕೊಟ್ಟಿದೆ. ಒಂದು ಗ್ರಾಂ, ಒಂದು ಕಿಲೋ ಅಥವಾ ಒಂದು ಮಿಲಿಲೀಟರಿಗೆ ಬೆಲೆ ಎಷ್ಟು ಎಂಬುದನ್ನು ಪ್ಯಾಕೆಟ್ಟಿನ ಮೇಲೆ ಮುದ್ರಿಸಬೇಕು. ಎಂಆರ್‌ಪಿಯ ಹತ್ತಿರವೇ ಸಣ್ಣ ಅಕ್ಷರದಲ್ಲಿರುವ ಆ ಅಂಕಿಯನ್ನು ಓದುವವರು ವಿರಳ. ಓದಿದರೆ ಕೆಲವು ನಂಬಿಕೆಗಳು ಉರುಳುತ್ತವೆ: ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗವಲ್ಲ, ಐದು ಹತ್ತು ರೂಪಾಯಿಯ ಶಾಂಪೂ ಸ್ಯಾಷೆ ಯಾವಾಗಲೂ ತುಟ್ಟಿಯಲ್ಲ. ಎಂಆರ್‌ಪಿ ಎಂಬುದೂ ಗರಿಷ್ಠ ಬೆಲೆಯಷ್ಟೇ, ಅದಕ್ಕಿಂತ ಕಡಿಮೆಗೆ ಮಾರಲು ಅಡ್ಡಿಯಿಲ್ಲ. ತಂಪು ಮಾಡಿದ್ದಕ್ಕೆಂದು ಒಂದೆರಡು ರೂಪಾಯಿ ಹೆಚ್ಚು ಕೇಳುವುದು ಕಾನೂನಿಗೆ ವಿರುದ್ಧ. ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪುಗಳಲ್ಲಿ ವಸ್ತುವಿನ ಬೆಲೆಗಿಂತ ಬಿಲ್ಲಿನ ಕೊನೆಯ ಸಾಲುಗಳನ್ನು ನೋಡಬೇಕು. ಡೆಲಿವರಿ, ನಿರ್ವಹಣೆ, ಸಣ್ಣ ಆರ್ಡರ್ ಎಂಬ ಹೆಸರಿನ ಶುಲ್ಕಗಳು ಅಲ್ಲಿರುತ್ತವೆ. ಅರ್ಧ ಕೆ.ಜಿ. ಟೊಮೆಟೊಗೆ ಅವನ್ನೆಲ್ಲ ಕಟ್ಟುವ ಮನೆಯವರು ಸಂತೆಯಲ್ಲಿ ಎರಡು ರೂಪಾಯಿಗೆ ಚೌಕಾಸಿ ಮಾಡುವುದು ವಿಚಿತ್ರ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಮನೆಯ ಕಾಯಂ ಖರ್ಚು. ಜನೌಷಧಿ ಕೇಂದ್ರಗಳಲ್ಲಿ ಇವೇ ಔಷಧಗಳು ಕಂಪನಿ ಹೆಸರಿಲ್ಲದೆ, ಹಲವು ಸಲ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಚೀಟಿಯಲ್ಲಿರುವ ಕಂಪನಿ ಹೆಸರನ್ನು ಹೇಳಿದರೆ ಅಲ್ಲಿ ಪ್ರಯೋಜನವಿಲ್ಲ. ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂಬಂಥ ಮೂಲ ಔಷಧದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದು ಬೇಕು. ಅದನ್ನು ವೈದ್ಯರಿಂದಲೇ ಬರೆಸಿಕೊಂಡು, ಅವರಿಗೆ ತಿಳಿಸಿಯೇ ಬದಲಿಸಬೇಕು.

ಸ್ವಂತ ಮನೆಯಿದ್ದವರಿಗೆ ಇನ್ನೊಂದು ಸುಲಭದ ಉಳಿತಾಯ: ಬೆಂಗಳೂರೂ ಸೇರಿದಂತೆ ರಾಜ್ಯದ ನಗರ, ಪಟ್ಟಣಗಳಲ್ಲಿ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ. ತಡವಾದರೆ ಬಡ್ಡಿ.

ಕತ್ತರಿ ತಾಗಬಾರದ ಜಾಗಗಳೂ ಇವೆ. ಮಕ್ಕಳ ಹಾಲು ಮೊಟ್ಟೆ, ನಿತ್ಯದ ಮಾತ್ರೆ, ಆರೋಗ್ಯ ವಿಮೆಯ ಕಂತು ಇವನ್ನು ನಿಲ್ಲಿಸಿ ಉಳಿಸಿದ ದುಡ್ಡು ಒಂದೇ ಆಸ್ಪತ್ರೆ ಬಿಲ್ಲಿನಲ್ಲಿ ಹೋಗುತ್ತದೆ.

ಉಳಿದದ್ದು ಸಾಲ. ಕೈಸಾಲಕ್ಕೆ ‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎಂದರೆ ಹಗುರವಾಗಿ ಕೇಳಿಸುತ್ತದೆ, ವರ್ಷಕ್ಕೆ ಅದು ಶೇ. 36. ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುತ್ತ ಹೋದರೂ ಬಡ್ಡಿ ಆ ಮಟ್ಟದ್ದೇ. 50,000 ರೂಪಾಯಿ ಕೈಸಾಲಕ್ಕೆ ತಿಂಗಳ ಬಡ್ಡಿ 1,500. ಅಷ್ಟೇ ಮೊತ್ತವನ್ನು ಶೇ. 10ರ ಬಡ್ಡಿಗೆ ಬ್ಯಾಂಕಿನಲ್ಲಿ ಚಿನ್ನ ಇಟ್ಟು ಪಡೆದು ಹಳೆಯ ಸಾಲ ತೀರಿಸಿದರೆ ಬಡ್ಡಿ ಸುಮಾರು 417 ರೂಪಾಯಿಗೆ ಇಳಿಯುತ್ತದೆ. ಗೃಹಸಾಲವಿದ್ದವರು ತಮ್ಮದು ಹಳೆಯ ದರ ಪದ್ಧತಿಯದೇ ಎಂದು ಬ್ಯಾಂಕಿನಲ್ಲಿ ಕೇಳಬೇಕು. 2019ರ ಅಕ್ಟೋಬರ್‌ನಿಂದ ಹೊಸ ಬದಲಾಗುವ ದರದ ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ, ಹಳಬರೂ ಅದಕ್ಕೆ ಬದಲಾಯಿಸಿಕೊಳ್ಳಬಹುದು. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 6.50ರಿಂದ 5.50ಕ್ಕೆ ಇಳಿಸಿದಾಗ ಅದರ ಲಾಭ ಬೇಗ ಸಿಕ್ಕಿದ್ದು ಇಂಥ ಸಾಲಗಾರರಿಗೇ. ಕೈಸಾಲದ ಒಂದು ಬದಲಾವಣೆಯಿಂದ ತಿಂಗಳಿಗೆ ಸಾವಿರ ರೂಪಾಯಿಗೂ ಹೆಚ್ಚು ಉಳಿಯುವಾಗ, ಬಡ್ಡಿ ಕಟ್ಟುತ್ತಿರುವ ಮನೆಯವರು ಮಿಕ್ಕಿದ್ದನ್ನೆಲ್ಲ ಆಮೇಲಿಗೆ ಇಟ್ಟು ಮೊದಲು ಇದನ್ನೇ ಮಾಡಬೇಕು.