ಬೆಸುಗೆಗಾಗಿ ಕಾದ ಗರಗಸ

ಹಲ್ಲು ಕೊಯ್ದ ಉಕ್ಕಿನ ಪಟ್ಟಿಯ ಎರಡು ತುದಿಗಳನ್ನು ಸೇರಿಸಿ, ಎರಡು ಚಕ್ರಗಳಿಗೆ ಬಿಗಿದು ತಿರುಗಿಸಿದರೆ ನಿಲ್ಲದೆ ಕೊಯ್ಯುವ ಗರಗಸ, ಅಂದರೆ ಬ್ಯಾಂಡ್‌ಸಾ, ಸಿದ್ಧ. ಲಂಡನ್ನಿನ ವಿಲಿಯಂ ನ್ಯೂಬೆರಿ ಇದನ್ನು 1808ರಲ್ಲೇ ಯೋಚಿಸಿ ಪೇಟೆಂಟ್ ಪಡೆದಿದ್ದರು. ಯಂತ್ರ ಮಾತ್ರ ಬಳಕೆಗೆ ಬರಲಿಲ್ಲ. ಪಟ್ಟಿ ಪ್ರತಿ ಚಕ್ರದ ಮೇಲೂ ಬಾಗಬೇಕು, ಮತ್ತೆ ನೆಟ್ಟಗಾಗಬೇಕು. ಅಂದಿನ ಬೆಸುಗೆ ಅದನ್ನು ತಾಳುತ್ತಿರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾಂ ಎಂಬ ಮಹಿಳೆ ಬಾಳಿಕೆ ಬರುವ ಬೆಸುಗೆಗೆ ಪೇಟೆಂಟ್ ಪಡೆದರು. ಅದರ ಹಕ್ಕು ಕೊಂಡ ಪ್ಯಾರಿಸ್ಸಿನ ಪೆರಾಂ ಕಂಪನಿ, ಉಕ್ಕು ಹದಮಾಡುವ ಹೊಸ ಕ್ರಮವನ್ನೂ ಸೇರಿಸಿಕೊಂಡಿತು. ಬ್ಯಾಂಡ್‌ಸಾ ನಿಜವಾಗಿ ಹುಟ್ಟಿದ್ದು ಆಗಲೇ ಎಂದು ನನ್ನ ಎಣಿಕೆ.

ಆದರೂ ಅದು ಮರದ ಯಂತ್ರವಾಗಿಯೇ ಉಳಿಯಿತು. ಲೋಹಕ್ಕೆ ವೇಗ ತಗ್ಗಬೇಕು, ಹಲ್ಲು ಗಟ್ಟಿಯಿರಬೇಕು. ಅಮೆರಿಕದ ಲೇಟನ್ ವಿಲ್ಕಿ ಲೋಹ ಕೊಯ್ಯುವ ಬ್ಯಾಂಡ್‌ಸಾವನ್ನು ಮಾರುಕಟ್ಟೆಗೆ ತಂದದ್ದು 1930ರ ದಶಕದಲ್ಲಿ. ಮುಂದೆ ಬಂದ ಬೈಮೆಟಲ್ ಬ್ಲೇಡಿನಲ್ಲಿ ಮತ್ತೆ ಬೆಸುಗೆಯದೇ ಕೈವಾಡ: ಬಳುಕುವ ಉಕ್ಕಿನ ಬೆನ್ನಿಗೆ ಹೈಸ್ಪೀಡ್ ಸ್ಟೀಲಿನ ಅಂಚನ್ನು ಉದ್ದಕ್ಕೂ ಬೆಸೆದು, ಅದರಲ್ಲಿ ಹಲ್ಲು ಕೊಯ್ಯುತ್ತಾರೆ.

ಭಾರತದಲ್ಲಿ ಇಂಥ ಯಂತ್ರಕ್ಕೆ ಗುಜರಾತಿನ ನೆಲ ಮೊದಲೇ ಹದವಾಗಿತ್ತು. ರಣಛೋಡಲಾಲ್ ಛೋಟಾಲಾಲ್ ಅವರ ಬಟ್ಟೆಗಿರಣಿ ಅಹಮದಾಬಾದಿನಲ್ಲಿ 1861ರಲ್ಲಿ ಶುರುವಾಯಿತು. ಗಿರಣಿಗಳು ಹೆಚ್ಚಿದಂತೆ ಶಾಫ್ಟು, ಪುಲ್ಲಿ ದುರಸ್ತಿಯ ಕೈಗಳೂ ಹೆಚ್ಚಿದವು. ವಡೋದರಾದಲ್ಲಿ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಕೈಕಸುಬು ಕಲಿಸುವ ಕಲಾಭವನ ತೆರೆದರು. ಅದರ ಹೊಣೆ ಹೊತ್ತ ತ್ರಿಭುವನದಾಸ ಗಜ್ಜರ್ ಸೂರತ್ತಿನವರು, ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಪದವಿಗಿಂತ ಕೈಕಸುಬು ಮುಖ್ಯ ಎಂದು ಒಬ್ಬ ಮಹಾರಾಜ ಅಂದೇ ನಂಬಿದ್ದು ಸಣ್ಣ ಸಂಗತಿಯಲ್ಲ. 1962ರಲ್ಲಿ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ ಬಂತು; ಅಹಮದಾಬಾದಿನ ವಟವಾ, ವಡೋದರಾದ ಮಕರಪುರಾ, ಸೂರತ್ತಿನ ಪಾಂಡೇಸರಾ ನಮ್ಮ ಪೀಣ್ಯದಂತೆ ಶೆಡ್ಡುಗಳಿಂದ ತುಂಬಿದವು. ಇಂಥ ಶೆಡ್ಡುಗಳಲ್ಲಿ ಸರಳು ಕೊಯ್ಯಲು ಹಿಂದೆಲ್ಲ ಪವರ್ ಹ್ಯಾಕ್ಸಾ ಇರುತ್ತಿತ್ತು. ಅದು ಒಂದೇ ದಿಕ್ಕಿನಲ್ಲಿ ಕೊಯ್ಯುತ್ತದೆ, ಮರಳುವಾಗ ಬರಿದೇ ಬರುತ್ತದೆ. ಬ್ಯಾಂಡ್‌ಸಾಗೆ ಮರಳುವ ಕೆಲಸವೇ ಇಲ್ಲ, ಕೊಯ್ತದ ಸೀಳೂ ತೆಳು.

ಮನೆಯ ಹಿಂದಿನ ಶೆಡ್ಡಿಗೆ ಬ್ಯಾಂಡ್‌ಸಾ ಕೊಳ್ಳುವವರು ಮೊದಲು ನೋಡುವುದು ಮೋಟಾರಿನ ಅಶ್ವಶಕ್ತಿ. ಅದು ಕೊನೆಗೆ ನೋಡಬೇಕಾದದ್ದು. ತೈವಾನಿನಿಂದ ಜಗತ್ತಿಗೆ ಹರಡಿದ ನಾಲ್ಕಕ್ಕೆ ಆರು ಇಂಚಿನ ತುಂಡು ಕೊಯ್ಯುವ ಮಾದರಿಗೆ ಅರ್ಧ ಅಶ್ವಶಕ್ತಿ ಸಾಕಾಗುತ್ತದೆ. 1640 ಮಿಲಿಮೀಟರ್ ಉದ್ದದ, ಅರ್ಧ ಇಂಚು ಅಗಲದ ಬ್ಲೇಡು. ಅಡ್ಡ ಮಲಗಿಸಿದರೆ ಸರಳು ಕತ್ತರಿಸುತ್ತದೆ, ನಿಲ್ಲಿಸಿದರೆ ತಗಡಿನಲ್ಲಿ ಬಾಗು ರೇಖೆ ಕೊಯ್ಯುತ್ತದೆ. ಮೂರು ಮೆಟ್ಟಿಲ ಪುಲ್ಲಿಯಿಂದ ನಿಮಿಷಕ್ಕೆ ಸುಮಾರು 24, 37, 61 ಮೀಟರ್ ವೇಗ. ಸ್ಟೇನ್‌ಲೆಸ್‌ಗೆ ನಿಧಾನದ್ದು, ಅಲ್ಯೂಮಿನಿಯಂಗೆ ಜೋರಿನದ್ದು. ಇದರ ಚಕ್ರ ಚಿಕ್ಕದಾದ್ದರಿಂದ ಬ್ಲೇಡಿನ ದಪ್ಪ 0.6 ಮಿಲಿಮೀಟರಿನ ಆಸುಪಾಸು ಇರಬೇಕು. ಬಾಳಿಕೆ ಬರಲೆಂದು 0.9ರ ಪಟ್ಟಿ ಹಾಕಿದರೆ ಬಾಗಿ ಬಾಗಿ ದಣಿದು ಮುರಿಯುತ್ತದೆ. ನ್ಯೂಬೆರಿಯ ಪೇಚು ಇನ್ನೂ ಪೂರ್ತಿ ತೀರಿಲ್ಲ ನೋಡಿ.

ಕೊಯ್ತದೊಳಗೆ ಯಾವಾಗಲೂ ಕನಿಷ್ಠ ಮೂರು ಹಲ್ಲು ಕೂತಿರಬೇಕು. 6 ಮಿಲಿಮೀಟರ್ ಪಟ್ಟಿಗೆ ಇಂಚಿಗೆ 14 ಹಲ್ಲಿನ ಬ್ಲೇಡು ಸರಿ. ಅದನ್ನೇ 50 ಮಿಲಿಮೀಟರ್ ಸರಳಿಗೆ ಹೂಡಿದರೆ ಒಟ್ಟಿಗೆ 27 ಹಲ್ಲು ಒಳಗಿರುತ್ತವೆ, ಸಂದಿಯಲ್ಲಿ ಚೂರು ತುಂಬಿ ಕೊಯ್ತವೇ ನಿಲ್ಲುತ್ತದೆ. ಕೊಯ್ತ ವಾರೆಯಾದರೆ ಮೋಟಾರಿನ ಮೇಲೆ ತಪ್ಪು ಹೊರಿಸಬೇಡಿ. ಬ್ಲೇಡನ್ನು ತಿರುಚಿ ನೆಟ್ಟಗೆ ನಿಲ್ಲಿಸುವ ಗೈಡ್ ಬೇರಿಂಗುಗಳನ್ನು ಮೊದಲು ನೋಡಿ, ಅವನ್ನು ಕೆಲಸದ ತುಂಡಿಗೆ ಆದಷ್ಟು ಹತ್ತಿರ ಎಳೆಯಿರಿ. ಮುಗಿದ ಮೇಲೆ ತಾನೇ ಆರಿಹೋಗುವ ಸ್ವಿಚ್ ಇರುವ ಯಂತ್ರಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೈಗಾರಿಕಾ ವಸಾಹತಿನ ಹಳೆಯ ದೊಡ್ಡ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರಿಗೆ ಒಂದು ಮಾತು: ಅದು ಸಾಮಾನ್ಯವಾಗಿ 415 ವೋಲ್ಟಿನ ತ್ರೀ ಫೇಸ್ ಕೇಳುತ್ತದೆ. ಮನೆಗೆ ಬರುವುದು 230ರ ಸಿಂಗಲ್ ಫೇಸ್. ಮೋಟಾರ್ ಬದಲಿಸುವ ಇಲ್ಲವೇ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡುವ ಡ್ರೈವ್ ಕೂಡಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಸಿಗೆ ಕೂರಬೇಕು.