ಒಂದು ನಿವೇಶನ, ಹಲವು ಕಟ್ಟಡಗಳು: ಕ್ಯಾಡ್‌ನಲ್ಲಿ ನಿರ್ದೇಶಾಂಕಗಳ ಲೆಕ್ಕ

ಕಾಲೇಜೊಂದರ ಆವರಣದ ನಕ್ಷೆಯನ್ನು ಕ್ಯಾಡ್ ತಂತ್ರಾಂಶದಲ್ಲಿ ಸಿದ್ಧಪಡಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ತರಗತಿ ಕಟ್ಟಡ, ಪ್ರಯೋಗಾಲಯ, ವಿದ್ಯಾರ್ಥಿನಿಲಯ ಈ ಮೂರರ ಮಾದರಿಗಳನ್ನು ಮೂವರು ಪ್ರತ್ಯೇಕ ಕಡತಗಳಲ್ಲಿ ರಚಿಸಿದ್ದಾರೆ. ಅವನ್ನು ನಿವೇಶನದ ನಕ್ಷೆಯೊಳಕ್ಕೆ ತಂದಾಗ ಮೂರೂ ಒಂದರ ಮೇಲೊಂದು ಬಂದು ಕೂರುತ್ತವೆ. ಹೀಗೇಕೆ?

ಸ್ಥಾನ ಎಂಬುದು ನಿರ್ದೇಶಾಂಕ ವ್ಯವಸ್ಥೆಗೆ ಸಾಪೇಕ್ಷವಾದದ್ದು. ಪ್ರತಿ ಮಾದರಿಯಲ್ಲೂ ಕಟ್ಟಡದ ಒಂದು ಮೂಲೆಯೇ ಮೂಲಬಿಂದು, ಉದ್ದನೆಯ ಗೋಡೆಯೇ ಅಕ್ಷ. ಮೂರು ಮೂಲಬಿಂದುಗಳೂ ಸೊನ್ನೆಯೇ ಆದ್ದರಿಂದ ಮೂರು ಕಟ್ಟಡಗಳೂ ಒಂದೇ ಜಾಗಕ್ಕೆ ಬೀಳುತ್ತವೆ.

ನಾಲ್ಕು ಸಂಖ್ಯೆಗಳು

ಒಂದು ಕಟ್ಟಡವನ್ನು ನಿವೇಶನದಲ್ಲಿ ಕೂರಿಸಲು ನಾಲ್ಕು ಸಂಖ್ಯೆಗಳು ಸಾಕು: ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಎಷ್ಟು ಡಿಗ್ರಿ ತಿರುವು, ನೆಲಮಟ್ಟ ಎಷ್ಟು. 60 ಮೀಟರ್ ಉದ್ದದ ಕಟ್ಟಡದ ಮೂಲೆಯನ್ನು (100, 40) ಬಿಂದುವಿನಲ್ಲಿಟ್ಟು, ಪ್ರದಕ್ಷಿಣೆಗೆ ವಿರುದ್ಧವಾಗಿ 30 ಡಿಗ್ರಿ ತಿರುಗಿಸಿ. ಗೋಡೆಯ ಇನ್ನೊಂದು ತುದಿ ಪೂರ್ವಕ್ಕೆ 60 × ಕೊಸೈನ್ 30° = 51.96 ಮೀಟರ್, ಉತ್ತರಕ್ಕೆ 60 × ಸೈನ್ 30° = 30 ಮೀಟರ್ ಸರಿಯುತ್ತದೆ. ಅದರ ಹೊಸ ಸ್ಥಾನ (151.96, 70). ತಂತ್ರಾಂಶ ಪ್ರತಿ ಬಿಂದುವಿಗೂ ಮಾಡುವುದು ಇದೇ ಲೆಕ್ಕವನ್ನು.

ಮಾದರಿಯನ್ನು ನಕಲು ಮಾಡುವ ಬದಲು ಮೂಲ ಕಡತಕ್ಕೆ ಕೊಂಡಿ ಹಾಕುವುದು ಲೇಸು. ಒಂದೇ ಬಗೆಯ ಎರಡು ವಿದ್ಯಾರ್ಥಿನಿಲಯಗಳಿದ್ದರೆ ಕಡತ ಒಂದೇ, ನಾಲ್ಕು ಸಂಖ್ಯೆಗಳ ಗುಂಪು ಮಾತ್ರ ಎರಡು. ಮೂಲದಲ್ಲಿ ಕಿಟಕಿಯೊಂದನ್ನು ಬದಲಿಸಿದರೆ ಎರಡೂ ಕಡೆ ಬದಲಾಗುತ್ತದೆ.

78 ಡಿಗ್ರಿಯ ಗೆರೆ

ನಿವೇಶನವನ್ನು ಭೂಮಿಯ ನಿರ್ದೇಶಾಂಕಗಳಿಗೆ ಜೋಡಿಸುವಾಗ ಹೆಚ್ಚಿನ ಎಚ್ಚರ ಬೇಕು. ಮೋಜಣಿಯಲ್ಲಿ ಬಹುವಾಗಿ ಬಳಕೆಯಲ್ಲಿರುವ ಯು.ಟಿ.ಎಂ. ಪದ್ಧತಿ ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ವಿಂಗಡಿಸುತ್ತದೆ. 43ನೇ ವಲಯ ಮುಗಿದು 44ನೇ ವಲಯ ಆರಂಭವಾಗುವುದು 78 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಈ ರೇಖೆ ಚಿಕ್ಕಬಳ್ಳಾಪುರ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ! ಗೌರಿಬಿದನೂರು (ಸುಮಾರು 77.5°), ಚಿಕ್ಕಬಳ್ಳಾಪುರ (77.7°), ಶಿಡ್ಲಘಟ್ಟ (77.9°) ಪಟ್ಟಣಗಳು 43ನೇ ವಲಯದಲ್ಲಿವೆ, ಚಿಂತಾಮಣಿ (78.06°) 44ರಲ್ಲಿದೆ.

ಪರಿಣಾಮವನ್ನು ಗಮನಿಸಿ. ಶಿಡ್ಲಘಟ್ಟದ ಪೂರ್ವಾಂಕ ಸುಮಾರು 810 ಕಿ.ಮೀ., ಚಿಂತಾಮಣಿಯದು ಸುಮಾರು 182 ಕಿ.ಮೀ. ವಲಯ ನೋಡದೆ ಎರಡೂ ಊರಿನ ಕಟ್ಟಡಗಳನ್ನು ಒಂದೇ ನಕ್ಷೆಗೆ ತಂದರೆ, ನೇರವಾಗಿ 20 ಕಿ.ಮೀ. ಚಿಲ್ಲರೆ ದೂರವಿರುವ ಊರುಗಳ ನಡುವೆ 600 ಕಿ.ಮೀ.ಗೂ ಹೆಚ್ಚು ಅಂತರ ಕಾಣುತ್ತದೆ. ಪೂರ್ವದ ಊರು ಪಶ್ಚಿಮಕ್ಕೆ ಹೋಗಿರುತ್ತದೆ. ಇದಕ್ಕೆ ಪರಿಹಾರ, ಇಡೀ ಜಿಲ್ಲೆಗೆ 43ನೇ ವಲಯವನ್ನೇ ಆರಿಸಿಕೊಳ್ಳುವುದು. ಗಡಿಯಿಂದ ಕೆಲವೇ ಕಿ.ಮೀ. ಆಚೆಗಿರುವ ಚಿಂತಾಮಣಿಗೆ ಇದರಿಂದ ತೊಂದರೆಯಾಗದು.

ಇಂಥ ದೊಡ್ಡ ದೋಷ ಕಣ್ಣಿಗೆ ಬೀಳುತ್ತದೆ, ಸಣ್ಣವು ಬೀಳುವುದಿಲ್ಲ. ವಲಯದ ಅಂಚಿನಲ್ಲಿ ನಕ್ಷೆಯ ಚೌಕಗಳ ಉತ್ತರ ಮತ್ತು ನಿಜವಾದ ಉತ್ತರ ಒಂದೇ ಅಲ್ಲ. ಶಿಡ್ಲಘಟ್ಟದಲ್ಲಿ ಇವೆರಡರ ನಡುವೆ ಸುಮಾರು 0.66 ಡಿಗ್ರಿ ಅಂತರವಿದೆ. ಒಂದನ್ನು ಇನ್ನೊಂದೆಂದು ಬಗೆದರೆ 100 ಮೀಟರ್ ಉದ್ದದ ಕಟ್ಟಡದ ತುದಿ ಒಂದು ಮೀಟರಿಗೂ ಹೆಚ್ಚು ಸರಿಯುತ್ತದೆ. ಗಡಿಗೋಡೆಯ ಪಕ್ಕ ಬಿಡಬೇಕಾದ ಜಾಗವನ್ನು ಕಟ್ಟಡ ನುಂಗಲು ಇಷ್ಟು ಸಾಕು. ಅಳತೆಯೂ ಅಲ್ಲಿ ಹಿಗ್ಗುತ್ತದೆ: ನೆಲದ 100 ಮೀಟರ್ ನಕ್ಷೆಯಲ್ಲಿ ಸುಮಾರು 8 ಸೆಂಟಿಮೀಟರ್ ಹೆಚ್ಚಾಗುತ್ತದೆ.

ಗಣಕದ ಮಿತಿ

ಕ್ಯಾಡ್ ತಂತ್ರಾಂಶಗಳು ಸಾಮಾನ್ಯವಾಗಿ ಸಂಖ್ಯೆಗಳನ್ನು 64 ಬಿಟ್‌ಗಳಲ್ಲಿ ಸಂಗ್ರಹಿಸುತ್ತವೆ. ಆದರೆ ತೆರೆಯ ಮೇಲೆ ಚಿತ್ರ ಮೂಡಿಸುವಾಗ ಹಲವು ವೇಳೆ 32 ಬಿಟ್‌ಗಳ ಬಳಕೆಯಾಗುತ್ತದೆ. ಅದರಲ್ಲಿ ನಿಖರತೆಗೆ ದೊರೆಯುವುದು 24 ದ್ವಿಮಾನ ಅಂಕಿಗಳು ಮಾತ್ರ. ಚಿಕ್ಕಬಳ್ಳಾಪುರದ ಉತ್ತರಾಂಕ ಸುಮಾರು 14,85,000 ಮೀಟರ್. ಇಷ್ಟು ದೊಡ್ಡ ಸಂಖ್ಯೆಯ ಬಳಿ ಎರಡು ನೆರೆಯ ಮೌಲ್ಯಗಳ ಅಂತರ 12.5 ಸೆಂಟಿಮೀಟರ್! ಗೋಡೆಯ ಗೆರೆಗಳು ನಡುಗುವುದು, ಬಾಗಿಲು ಚೌಕಟ್ಟಿನಿಂದ ಸರಿದಂತೆ ಕಾಣುವುದು ಇದರಿಂದಲೇ.

ಆದ್ದರಿಂದ ಮಾದರಿಯನ್ನು ಅದರ ಮೂಲಬಿಂದುವಿನ ಬಳಿಯೇ ಇರಿಸಿ. ನಿವೇಶನದಲ್ಲಿ ಒಂದು ಗಡಿಕಲ್ಲನ್ನು ಆರಿಸಿ, ಅದರ ಪೂರ್ವಾಂಕ, ಉತ್ತರಾಂಕ, ಸಮುದ್ರಮಟ್ಟದಿಂದ ಎತ್ತರ, ವಲಯ ಮತ್ತು ಉತ್ತರದ ಬಗೆಯನ್ನು ನಕ್ಷೆಯ ಮೂಲೆಯಲ್ಲಿ ಬರೆದಿಡಿ. ಎಲ್ಲ ಕಟ್ಟಡಗಳನ್ನೂ ಆ ಕಲ್ಲಿನಿಂದಲೇ ಅಳೆಯಿರಿ.

ಶಿಕ್ಷಕರು ಇದನ್ನು ಶಾಲೆಯ ಅಂಗಳದಲ್ಲೇ ಮಾಡಿಸಬಹುದು. ಪ್ರತಿ ಗುಂಪು ಒಂದೊಂದು ಕೊಠಡಿಯನ್ನು ಅದರದೇ ಮೂಲೆಯಿಂದ ಅಳೆದು ಬಿಡಿಹಾಳೆಯಲ್ಲಿ ಬರೆಯಲಿ. ಬಳಿಕ ಧ್ವಜಸ್ತಂಭವನ್ನು ಮೂಲಬಿಂದುವಾಗಿಟ್ಟುಕೊಂಡು ಎಲ್ಲವನ್ನೂ ಒಂದೇ ಹಾಳೆಗೆ ತರಲಿ. ಎರಡು ಕೊಠಡಿಗಳ ನಡುವಿನ ಅಂತರವನ್ನು ಹಾಳೆಯಲ್ಲಿ ಲೆಕ್ಕಹಾಕಿ, ನಂತರ ಟೇಪು ಹಿಡಿದು ನೆಲದಲ್ಲಿ ಅಳೆದು ನೋಡಲಿ.