ಮೂರಕ್ಷರದ ಓಟ

ಇಂಗ್ಲಿಷ್ ಕಲಿಯಹೊರಟ ಬಾಲಕನಿಗೆ ಮೊದಲ ಪಾಠಗಳಲ್ಲಿಯೇ ಎದುರಾಗುವ ಪುಟ್ಟ ಶಬ್ದ ‘ರನ್’. ‘ಓಡು’ ಎಂದು ಉರುಹಚ್ಚಿ ಅವನು ನಿಶ್ಚಿಂತನಾಗುತ್ತಾನೆ. ಆ ಮೂರಕ್ಷರದ ಒಡಲಿನಲ್ಲಿ ಆರುನೂರಕ್ಕೂ ಮಿಕ್ಕ ಅರ್ಥಗಳು ಅಡಗಿವೆಯೆಂದು ಅವನಿಗೇನು ಗೊತ್ತು!

ಬಹುಕಾಲ ಈ ಹಿರಿಮೆ ‘ಸೆಟ್’ ಶಬ್ದದ್ದಾಗಿತ್ತು. 1989ರ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಅದರ ಕ್ರಿಯಾರೂಪಕ್ಕೆ ನಾನೂರಕ್ಕೂ ಹೆಚ್ಚು ಅರ್ಥಗಳಿದ್ದವು. ಪರಿಷ್ಕರಣ ಸಾಗಿದಂತೆ ‘ಮೇಕ್’, ‘ಪುಟ್’ ಮುಂದಾದವು. 2011ರ ವೇಳೆಗೆ 645 ಅರ್ಥಗಳ ‘ರನ್’ ಎಲ್ಲವನ್ನೂ ಮೀರಿಸಿತು. ಇದೊಂದು ಶಬ್ದಕ್ಕಾಗಿಯೇ ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ದುಡಿದರು.

ಕಾಲಿನ ವೇಗವನ್ನು ಸೂಚಿಸುತ್ತಿದ್ದ ಈ ಶಬ್ದಕ್ಕೆ ಯಂತ್ರಯುಗವು ಹೊಸ ಹೊಣೆಗಳನ್ನು ಹೊರಿಸಿತು. ರೈಲು, ಗಿರಣಿ, ಕೊನೆಗೆ ಗಣಕಯಂತ್ರ, ಎಲ್ಲಕ್ಕೂ ಅದೇ ಶಬ್ದ.

ಕನ್ನಡದ ದಾರಿಯೇ ಬೇರೆ. ನಮ್ಮಲ್ಲಿ ರೈಲು ಓಡುತ್ತದೆ, ಚಲನಚಿತ್ರವೂ ನೂರು ದಿನ ಓಡುತ್ತದೆ. ಆದರೆ ಹೊಳೆ ಹರಿಯುತ್ತದೆ, ಮೂಗು ಸೋರುತ್ತದೆ, ಸೀರೆ ಬಣ್ಣ ಬಿಡುತ್ತದೆ. ಆಂಗ್ಲರು ‘ಓಡಿಸುವ’ ಅಂಗಡಿಯನ್ನು ಕನ್ನಡಿಗನು ನಡೆಸುತ್ತಾನೆ. ಚುನಾವಣೆಗೆ ಅಮೆರಿಕದವನು ‘ಓಡಿದರೆ’, ಬ್ರಿಟನ್ನಿನವನೂ ಕನ್ನಡಿಗನೂ ‘ನಿಲ್ಲುತ್ತಾರೆ’!

ಒಂದು ಶಬ್ದಕ್ಕೆ ಒಂದೇ ಅರ್ಥವೆಂದು ನಂಬಿ ‘ಮೂಗು ಓಡುತ್ತಿದೆ’ ಎಂದು ಬರೆದ ಅನುವಾದಕ ನಗೆಗೀಡಾದಾನು, ಅಷ್ಟೆ. ಆದರೆ ಕರಾರುಪತ್ರವೊಂದು ಐದು ವರ್ಷ ‘ರನ್’ ಆಗುತ್ತದೆಯೆಂದರೆ, ಅಷ್ಟು ಕಾಲ ಅದು ಜಾರಿಯಲ್ಲಿರುತ್ತದೆ ಎಂದರ್ಥ. ಅಲ್ಲಿ ಎಡವಿದರೆ ಹೊಲಮನೆಗಳಿಗೇ ಸಂಚಕಾರ. ನಿಘಂಟು ಅರ್ಥಗಳನ್ನು ಎಣಿಸಿಕೊಟ್ಟೀತು. ಆರಿಸಿಕೊಳ್ಳುವ ವಿವೇಕವನ್ನು ಕೊಡಬೇಕಾದುದು ಜನರ ಮಾತೇ.